ಗುಜರಿಗೆ ಹೋಗುವ ಮುನ್ನ ಒಂದು ತುಂಡು

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಚೈನ್ ಲಿಂಕ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಎಡದಂಡೆ ನಾಲೆಯನ್ನು ನಂಬಿ ಭತ್ತ ಹಚ್ಚಿದ ಬಳಗಾನೂರು, ಸಿಂಧನೂರು ಸೀಮೆಯವರು ಆ ವಾರವೆಲ್ಲ ನಿದ್ದೆಗೆಟ್ಟರು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದಾಗಲೇ ಜೀವ ಬಂದಂತಾಯಿತು. ಮುಂದೆ 33 ಗೇಟುಗಳನ್ನೂ ಬದಲಿಸುವ ತೀರ್ಮಾನವಾಯಿತು. ಅದಕ್ಕಾಗಿ ರೈತರು ಎರಡನೇ ಬೆಳೆಯ ನೀರನ್ನೇ ಬಿಟ್ಟುಕೊಡಬೇಕಾಯಿತು.

ಹೊಸ ಗೇಟಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನ್ನ ಕಣ್ಣು ಹಳೆಯದರ ಮೇಲಿದೆ. 60 ಅಡಿ ಅಗಲ, 20 ಅಡಿ ಎತ್ತರದ ಆ ಉಕ್ಕು 70 ವರ್ಷ ನೀರು, ಬಿಸಿಲು, ತುಕ್ಕು, ಭಾರ ಎಲ್ಲವನ್ನೂ ತಿಂದಿದೆ. ಅಷ್ಟು ಕಾಲ ದುಡಿದ ಲೋಹ ಒಳಗೆ ಏನಾಗಿದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪುರಾವೆ ನಮ್ಮ ಭಾಗದಲ್ಲಿ ಇನ್ನೊಂದಿಲ್ಲ.

ಆದರೆ ಪರೀಕ್ಷೆಗೆ ತುಂಡು ತೆಗೆಯುವುದಕ್ಕೂ ಕ್ರಮವಿದೆ. ಗುಜರಿಯವರ ಗ್ಯಾಸ್ ಕಟ್ಟರ್ ಜ್ವಾಲೆ ಸುಮಾರು 3,000 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಉಕ್ಕಿನ ಒಳರಚನೆ 720 ಡಿಗ್ರಿಯ ಆಸುಪಾಸಿನಲ್ಲೇ ಬದಲಾಗತೊಡಗುತ್ತದೆ. ಹಾಗಾಗಿ ಉರಿ ತಾಗಿದ ಅಂಚನ್ನು ಲ್ಯಾಬಿಗೆ ಕೊಟ್ಟರೆ ಅದು ಗೇಟಿನ ಕಥೆ ಹೇಳುವುದಿಲ್ಲ, ಕಟ್ಟರಿನ ಕಥೆ ಹೇಳುತ್ತದೆ. ಬೇಕಾದ ಭಾಗದ ಸುತ್ತ ಒಂದು ಗೇಣು ಹೆಚ್ಚಿಗೆ ಬಿಟ್ಟು ಗ್ಯಾಸ್ ಹಚ್ಚಬೇಕು. ಆಮೇಲೆ ಬ್ಯಾಂಡ್‌ಸಾದಲ್ಲಿ ಕೂಲಂಟ್ ಬಿಡುತ್ತಾ ನಿಧಾನವಾಗಿ ಕೊಯ್ಯಬೇಕು. ಅಂಚು ನೀಲಿ ಬಣ್ಣಕ್ಕೆ ತಿರುಗಿತೋ, ಬ್ಲೇಡ್ ಬಿಸಿಯಾಗಿದೆ ಎಂದರ್ಥ. ಅಷ್ಟನ್ನು ಬಿಟ್ಟು ಮತ್ತೆ ಕೊಯ್ಯುವುದೇ ಸರಿ.

ಕೊಯ್ಯುವ ಮುಂಚೆಯೇ ಪಂಚ್ ಹೊಡೆದು ಗುರುತು ಹಾಕಬೇಕು: ಯಾವ ಗೇಟು, ಯಾವ ಜಾಗ, ಮೇಲು ಯಾವುದು, ನೀರಿನ ಕಡೆ ಯಾವುದು, ತಗಡು ರೋಲ್ ಆದ ದಿಕ್ಕು ಯಾವುದು. ಈ ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಉಕ್ಕಿನೊಳಗಿನ ಗಂಧಕದ ಕಲ್ಮಷ ರೋಲಿಂಗ್‌ನಲ್ಲಿ ಉದ್ದಕ್ಕೆ ಎಳೆಯೆಳೆಯಾಗಿ ಹಿಗ್ಗಿರುತ್ತದೆ. ಅದಕ್ಕೇ ಅಡ್ಡಕ್ಕೆ ತೆಗೆದ ತುಂಡು ಉದ್ದಕ್ಕೆ ತೆಗೆದದ್ದಕ್ಕಿಂತ ಬೇಗ ಮುರಿಯುತ್ತದೆ. ಹೊಡೆತ ತಾಳುವ ಶಕ್ತಿ ಅಳೆಯುವ ಚಾರ್ಪಿ ಪರೀಕ್ಷೆಗೆ 55 ಮಿಲಿಮೀಟರ್ ಉದ್ದ, 10 ಮಿಲಿಮೀಟರ್ ಚೌಕದ ಕಡ್ಡಿ ಸಾಕು. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನ ತಗಡು ತಣ್ಣೀರಿನಲ್ಲಿ ಪೆಡಸಾಗುತ್ತಿತ್ತು, ಅದರಲ್ಲಿ ಗಂಧಕ ಹೆಚ್ಚಿತ್ತು ಎಂಬುದು ಗೊತ್ತಾದದ್ದೂ ಸಮುದ್ರದಡಿಯಿಂದ ತಂದ ಚೂರುಗಳನ್ನು ಹೀಗೆ ಪರೀಕ್ಷಿಸಿದ ಮೇಲೆಯೇ.

ಮುರಿದ ಮುಖವಂತೂ ಇನ್ನೂ ನಾಜೂಕು. ಬಾಗಿದ ನುಣ್ಣನೆ ಗೆರೆಗಳು ಒಂದರ ಹಿಂದೊಂದು ಕಂಡರೆ ಬಿರುಕು ಮೆಲ್ಲಮೆಲ್ಲಗೆ ಬೆಳೆದಿದೆ ಎಂದು ತಿಳಿಯಬೇಕು. ಆ ಗೆರೆಗಳು ಯಾವ ಬಿಂದುವಿನ ಸುತ್ತ ಬಾಗಿವೆಯೋ ಅಲ್ಲೇ ರೋಗದ ಮೂಲ. ಉಳಿದ ಒರಟು ಭಾಗ ಕೊನೆಯ ಕ್ಷಣದಲ್ಲಿ ಕಿತ್ತದ್ದು. ವೈರ್ ಬ್ರಷ್‌ನಿಂದ ಒಮ್ಮೆ ಉಜ್ಜಿದರೆ ಇದೆಲ್ಲ ಅಳಿಸಿಹೋಗುತ್ತದೆ. ಮುರಿದ ಎರಡು ತುಂಡು ಕೂಡಿಸಿ ನೋಡುವ ಚಪಲವೂ ಅಷ್ಟೇ ಕೆಟ್ಟದ್ದು.

ಎಲ್ಲ ಲೋಹವೂ ಗರಗಸಕ್ಕೆ ಬಗ್ಗುವುದಿಲ್ಲ. ಜಲ್ಲಿ ಕ್ರಷರ್‌ನ ದವಡೆಗೆ ಬಳಸುವ ಮ್ಯಾಂಗನೀಸ್ ಉಕ್ಕು ತಿಕ್ಕಿದಷ್ಟೂ ಗಟ್ಟಿಯಾಗುತ್ತದೆ, ಹಲ್ಲು ಬ್ಲೇಡಿನದೇ ಹೋಗುತ್ತದೆ. ಗುರುತಿಸುವುದು ಸುಲಭ: ಅಯಸ್ಕಾಂತ ಅದಕ್ಕೆ ಹಿಡಿಯುವುದಿಲ್ಲ. ಅದಕ್ಕೆ ಸಾಣೆಚಕ್ರವೇ ಬೇಕು, ಅದೂ ಧಾರಾಳ ನೀರಿನೊಂದಿಗೆ.

ಸಿಂಧನೂರಿನ ರೈಸ್ ಮಿಲ್ಲುಗಳಲ್ಲಿ ಶಾಫ್ಟ್ ಮುರಿದರೆ ಅದೇ ದಿನ ವೆಲ್ಡಿಂಗ್‌ಗೆ ಓಡುವುದು ರೂಢಿ. ಸೀಸನ್ನಿನ ಅವಸರ ನನಗೂ ಅರ್ಥವಾಗುತ್ತದೆ. ಆದರೂ ಮುರಿದ ಮುಖದ ನಾಲ್ಕು ಫೋಟೋ ತೆಗೆದುಕೊಳ್ಳಿ, ಸಾಧ್ಯವಾದರೆ ಹೊಸ ಶಾಫ್ಟ್ ಹಾಕಿ ಹಳೆಯದನ್ನು ಒಣ ಚೀಲದಲ್ಲಿ ಕಟ್ಟಿಡಿ. ಅಣೆಕಟ್ಟೆಯ ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ತೆಗೆದ ಒಂದೊಂದು ಗೇಟಿನಿಂದಲೂ, ಚೈನಿನಿಂದಲೂ ಗುರುತು ಹಾಕಿದ ಒಂದು ತುಂಡನ್ನು ಕರಗಿಸದೆ ಉಳಿಸಿ, ಅದರ ವರದಿಯನ್ನು ನೀರಿಗಾಗಿ ಕಾದ ರೈತರಿಗೂ ಕನ್ನಡದಲ್ಲಿ ಕೊಡಿ.