ಕೆನ್ನೆಯ ಮೇಲಿನ ಗುರುತು

ಕಡಲಾಮೆಯ ಕಣ್ಣಿನ ಹಿಂದೆ, ಕೆನ್ನೆಯ ಮೇಲೆ, ಬೆಲ್ಲದ ಬಣ್ಣದ ಹುರುಪೆಗಳು ನಡುವೆ ತೆಳುಗೆರೆ ಬಿಟ್ಟು ಒತ್ತೊತ್ತಾಗಿ ಕೂತಿರುತ್ತವೆ. ಒಂದು ಐದು ಬದಿಯದು, ಪಕ್ಕದ್ದು ಆರರದು. ಒಂದು ಆಮೆಯ ಜೋಡಣೆ ಇನ್ನೊಂದಕ್ಕಿಲ್ಲ. ಎಡಗೆನ್ನೆಯದು ಬಲಗೆನ್ನೆಗೂ ಇಲ್ಲ! ಒಂದೊಂದು ಆಮೆಯನ್ನೂ ಗುರುತಿಸಲು ರಿಯೂನಿಯನ್ ದ್ವೀಪದ ಸಂಶೋಧಕರು ಪ್ರತಿ ಹುರುಪೆಗೂ ಮೂರಂಕಿ ಕೊಟ್ಟರು: ಎಷ್ಟನೇ ಸಾಲು, ಸಾಲಿನಲ್ಲಿ ಎಷ್ಟನೆಯದು, ಎಷ್ಟು ಬದಿ. 115 ಎಂದರೆ ಮೊದಲ ಸಾಲಿನ ಮೊದಲನೆಯದು, ಐದು ಬದಿಯದು. ನಮ್ಮ ಹೊಲದ ಸರ್ವೆ ನಂಬರಿನ ಹಾಗೆ, ತಕರಾರು ಮಾತ್ರ ಕಡಿಮೆ. ಗುರುತಿಗೆಂದು ಈಜುಗಾಲಿಗೆ ಚುಚ್ಚುವ ಲೋಹದ ಬಿಲ್ಲೆ ಉಪ್ಪುನೀರಿಗೆ ಸವೆದು ಉದುರಬಹುದು, ಮುಖ ಉದುರುವುದಿಲ್ಲ. ಮಾಲ್ದೀವ್ಸ್‌ನಲ್ಲಿ ಆಲಿವ್ ರಿಡ್ಲಿ ಪ್ರಾಜೆಕ್ಟ್ ಸಂಸ್ಥೆ ಪ್ರವಾಸಿಗರ ಫೋಟೊಗಳನ್ನೂ ಸೇರಿಸಿಕೊಂಡು ಆಮೆಗಳ ಲೆಕ್ಕ ಇಡುತ್ತಿದೆ. ನೀವು ಅಲ್ಲಿ ನೀರಿಗಿಳಿದರೆ ಆಮೆಯನ್ನು ಮುಟ್ಟಬೇಡಿ, ಅಟ್ಟಬೇಡಿ. ದೂರದಿಂದಲೇ ಎರಡೂ ಕೆನ್ನೆಯ ಚಿತ್ರ ತೆಗೆದು ಕಳಿಸಿ.