ಅಕ್ಷರವಿದೆ, ಅಕಾರಾದಿ ಎಲ್ಲಿ?

ಕನ್ನಡ ನಿಘಂಟಿನಲ್ಲಿ ‘ಕವಿ’, ‘ಕಸ’, ‘ಕಹಿ’ಗಳನ್ನು ದಾಟಿದ ಬಳಿಕವೇ ನಮಗೆ ‘ಕಳಸ’ ಸಿಗುತ್ತದೆ. ವರ್ಣಮಾಲೆಯಲ್ಲಿ ‘ಳ’ ಕೊನೆಯದೆಂದು ನಾವು ಶಾಲೆಯಲ್ಲೇ ಕಲಿತಿದ್ದೇವೆ. ಆದರೆ ಯುನಿಕೋಡ್ ಸಂಕೇತಗಳ ಕ್ರಮವನ್ನಷ್ಟೇ ನೋಡಿ ಪದ ಜೋಡಿಸುವ ತಂತ್ರಾಂಶ, ‘ಕಳಸ’ವನ್ನೇ ಈ ನಾಲ್ಕರಲ್ಲಿ ಮೊದಲು ತಂದಿಡುತ್ತದೆ. 1991ರಲ್ಲಿ ಬಂದ ಯುನಿಕೋಡ್, ಭಾರತೀಯ ಲಿಪಿಗಳಿಗೆಲ್ಲ ಒಂದೇ ಅಚ್ಚು ಹಾಕಿದ್ದ 1988ರ ‘ಇಸ್ಕಿ’ ಸಂಕೇತವನ್ನು ಅನುಸರಿಸಿತು. ಅಲ್ಲಿ ‘ಳ’ದ ಜಾಗ ‘ಲ’ದ ಪಕ್ಕದಲ್ಲಿ. ಒಮ್ಮೆ ಕೊಟ್ಟ ಜಾಗವನ್ನು ಯುನಿಕೋಡ್ ಇನ್ನು ಬದಲಿಸುವುದಿಲ್ಲ.

ಉರ್ದುವಿನ ಪಾಡೂ ಇದೇ. ‘ಬೇ’ಯ ಬೆನ್ನಿಗೇ ಬರಬೇಕಾದ ‘ಪೇ’, ಸಂಕೇತಗಳ ಸಾಲಿನಲ್ಲಿ ಅರಬಿಯ ಮೂಲಾಕ್ಷರಗಳೆಲ್ಲ ಮುಗಿದ ಮೇಲೆ ಕುಳಿತಿದೆ.

ಹಾಗೆಂದು ಮಾನಕವನ್ನೇ ದೂರುವುದು ನ್ಯಾಯವಲ್ಲ. ಸಂಕೇತದ ಕ್ರಮವೇ ಅಕಾರಾದಿಯಲ್ಲವೆಂದು ಯುನಿಕೋಡ್ ಸ್ಪಷ್ಟವಾಗಿ ಹೇಳುತ್ತದೆ. ಆಯಾ ಭಾಷೆಯ ವಿಂಗಡಣಾ ನಿಯಮವನ್ನು ಅಳವಡಿಸುವ ದಾರಿಯನ್ನೂ ತೆರೆದಿಟ್ಟಿದೆ. ಆ ದಾರಿ ಹಿಡಿಯದೆ ‘ಇದರಲ್ಲಿ ಕನ್ನಡವಿದೆ’ ಎಂದು ಮಾರುವವರನ್ನು ಪ್ರಶ್ನಿಸಬೇಕು. ಕೊಳ್ಳುವ ಕಚೇರಿಗಳು, ಗ್ರಂಥಾಲಯಗಳು ಮೊದಲು ಈ ನಾಲ್ಕು ಪದಗಳನ್ನು ಜೋಡಿಸಿ ತೋರಿಸಲು ಕೇಳಲಿ. ಪರದೆಯ ಮೇಲೆ ಅಕ್ಷರ ಮೂಡಿದರೆ ಸಾಲದು. ಸೂಚಿಯಲ್ಲಿ ಇರಬೇಕಾದಲ್ಲಿ ಹೆಸರು ಸಿಗದಿದ್ದರೆ, ಓದುಗನ ಪಾಲಿಗೆ ಆ ಪುಸ್ತಕ ಇದ್ದೂ ಇಲ್ಲದಂತೆ.