ಸ್ವತಂತ್ರ ಗಾಯಕನೂ ಪ್ರಚಾರವೂ: ಗೌಹರ್ ಜಾನರ ನಿದರ್ಶನ

ಸಂಗೀತಗಾರನು ತನ್ನ ಕಲೆಯನ್ನು ತಾನೇ ಸಾರಿಕೊಳ್ಳುವುದು ಉಚಿತವೆ ಎಂಬ ಪ್ರಶ್ನೆ ನಮ್ಮಲ್ಲಿ ಬಹುಕಾಲದಿಂದ ಸಂಕೋಚಕ್ಕೆ ಎಡೆಯಾಗಿದೆ. ವಿದ್ಯೆ ತನ್ನಷ್ಟಕ್ಕೆ ತಾನೇ ಬೆಳಗತಕ್ಕದ್ದು, ಅದಕ್ಕೆ ಡಂಗುರ ಸಲ್ಲದು ಎಂಬುದು ಹಿರಿಯರ ನಿಲುವು. ಆ ನಿಲುವಿನ ಹಿಂದೆ ಅರಮನೆಯ ಸಂಬಳವೋ ದೇವಾಲಯದ ಉಂಬಳಿಯೋ ಇದ್ದಿತೆಂಬುದನ್ನು ಮರೆಯಕೂಡದು. ಆಶ್ರಯವಿಲ್ಲದ ಕಲಾವಿದನಿಗೆ ಪ್ರಚಾರವು ಜೀವನೋಪಾಯದ ಅಂಗವೇ ಆಗುತ್ತದೆ. ಆದುದರಿಂದ ಅದು ಹಾಡನ್ನು ಏನು ಮಾಡುತ್ತದೆ, ಅದರ ಫಲ ಯಾರ ಕೈಸೇರುತ್ತದೆ ಎಂಬುದೇ ಇಲ್ಲಿ ವಿಚಾರಾರ್ಹವಾದುದು.

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಯಲ್ಲಿ ಧ್ವನಿಮುದ್ರಣ ನಡೆಸಿದಾಗ ಗೌಹರ್ ಜಾನರು ಹಾಡಿನ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಘೋಷಿಸಿದರು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಗಾಯಕರ ಗುರುತು ತಿಳಿಯಲೆಂದು ಆ ಘೋಷಣೆ. ತಾಂತ್ರಿಕ ಅವಶ್ಯಕತೆಯಿಂದ ಹುಟ್ಟಿದ ಆ ಮಾತೇ ಅವರ ಮುದ್ರೆಯಾಗಿ ಮನೆಮನೆಗೆ ಹೋಯಿತು. ಅಂಚೆ ಕಾರ್ಡುಗಳ ಮೇಲೂ ಬೆಂಕಿಪೆಟ್ಟಿಗೆಗಳ ಮೇಲೂ ಅವರ ಚಿತ್ರ ಬಂದಿತು.

ಈ ವಾಹನವು ಹಾಡಿನ ರೂಪವನ್ನೂ ತಿದ್ದಿತು. ಬೈಠಕಿನಲ್ಲಿ ಗಂಟೆಗಟ್ಟಲೆ ಅರಳುವ ರಾಗವು ತಟ್ಟೆಯಲ್ಲಿ ಸುಮಾರು ಮೂರು ನಿಮಿಷಕ್ಕೆ ಅಡಕವಾಗಬೇಕಾಯಿತು. ಗೌಹರ್ ಜಾನರು ಆಲಾಪವನ್ನು ಮೊಟಕುಗೊಳಿಸಿ, ಬಂದಿಶನ್ನು ಬೇಗ ಹಿಡಿದು, ಚುರುಕಾದ ತಾನುಗಳಿಂದ ಅದನ್ನು ತುಂಬಿದರು. ವಿಸ್ತಾರದ ಗಾಂಭೀರ್ಯ ಇಲ್ಲಿ ನಷ್ಟವಾಯಿತೆಂಬ ಆಕ್ಷೇಪ ನಿರಾಧಾರವಲ್ಲ. ಆದರೂ ಏನನ್ನು ಬಿಡಬೇಕು, ಏನನ್ನು ಉಳಿಸಬೇಕು ಎಂಬುದನ್ನು ನಿರ್ಣಯಿಸಿದ್ದು ಅವರ ರಸಪ್ರಜ್ಞೆಯೇ. ಅವರ ಸಾಧನೆಯ ಹಿರಿಮೆ ಇರುವುದು ಇಲ್ಲಿ.

ಖ್ಯಾತಿಯೊಂದೇ ಮುಪ್ಪಿಗೆ ಆಸರೆಯಾಗದೆಂಬುದಕ್ಕೂ ಅವರ ಬಾಳೇ ಸಾಕ್ಷಿ. ವ್ಯಾಜ್ಯಗಳಲ್ಲಿ ಸಂಪತ್ತು ಕರಗಿದ ಮೇಲೆ 1928ರಲ್ಲಿ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಸೇರಿದರು. 1930ರ ಜನವರಿ 17ರಂದು ಮೈಸೂರಿನಲ್ಲಿಯೇ ತೀರಿಕೊಂಡರು. ದೇಶವೆಲ್ಲ ಕೇಳಿದ ಕಂಠಕ್ಕೆ ಕಡೆಗೆ ನೆರಳಾದುದು ಹಳೆಯ ರಾಜಾಶ್ರಯವೇ.

ಇಂದಿನ ಸ್ವತಂತ್ರ ಗಾಯಕನಿಗೆ ಆ ನೆರಳೂ ಇಲ್ಲ. 2019ರಲ್ಲಿ ಭಾರತಕ್ಕೆ ಬಂದ ಸ್ಪಾಟಿಫೈ ಸಂಸ್ಥೆಯು 2024ರಿಂದ, ಹಿಂದಿನ ಹನ್ನೆರಡು ತಿಂಗಳಲ್ಲಿ 1000 ಸಲ ಕೇಳಲ್ಪಡದ ಹಾಡಿಗೆ ಧ್ವನಿಮುದ್ರಣದ ರಾಯಧನವನ್ನು ಕೊಡುವುದಿಲ್ಲ. ಹಾಡನ್ನು ಹೆಚ್ಚು ಕಿವಿಗಳಿಗೆ ಮುಟ್ಟಿಸುವ ಅದರದೊಂದು ಯೋಜನೆಯಲ್ಲಿ, ಹಾಗೆ ಮುಟ್ಟಿದ ಕೇಳಿಕೆಗಳ ರಾಯಧನದಿಂದ ನೂರಕ್ಕೆ 30ರಷ್ಟು ಕಳೆಯಲಾಗುತ್ತದೆ. ಜಾಹೀರಾತಿನ ಬೆಲೆಯನ್ನು ಗಾಯಕನು ತನ್ನ ಕೂಲಿಯಿಂದಲೇ ತೆತ್ತಂತಾಯಿತು. ಎಲ್ಲರೂ ಹಾಗೆ ತೆರತೊಡಗಿದರೆ ಯಾರಿಗೂ ವಿಶೇಷ ಲಾಭವಿರದು. ಕೂಲಿಯ ಮಟ್ಟ ಮಾತ್ರ ಇಳಿಯುವುದು.

ಇದಕ್ಕೆ ಪ್ರತಿಯಾಗಿ ಇಂಗ್ಲೆಂಡಿನ ರೇಡಿಯೋಹೆಡ್ ತಂಡದ ಉದಾಹರಣೆಯನ್ನು ಹಲವರು ಎತ್ತುತ್ತಾರೆ. 2007ರ ಅಕ್ಟೋಬರಿನಲ್ಲಿ ಆ ತಂಡ ತನ್ನ ಹೊಸ ಹಾಡುಗಳನ್ನು ಕೇಳುಗನು ಇತ್ತಷ್ಟು ಬೆಲೆಗೆ ನೇರವಾಗಿ ಒದಗಿಸಿತು. ಆದರೆ ಅದಕ್ಕೆ ಮೊದಲು ಹಲವು ವರ್ಷ ದೊಡ್ಡ ಕಂಪನಿಯೊಂದು ಅದರ ಹೆಸರನ್ನು ಲೋಕಕ್ಕೆಲ್ಲ ಸಾರಿತ್ತು. ಬೆಳೆದ ಮರದ ನೆರಳನ್ನು ತೋರಿಸಿ ಸಸಿಗೆ ನೀರು ಬೇಡವೆನ್ನುವುದು ಯುಕ್ತವಲ್ಲ.

ಹೊಸಬನಿಗೆ ಬೇಕಾದುದು ಹೆಸರಿನೊಡನೆ ಹಕ್ಕು. ಗೀತಕಾರ ಹಾಗೂ ಸ್ವರಸಂಯೋಜಕರು ತಮ್ಮ ರಾಯಧನದ ಪಾಲನ್ನು ಕಂಪನಿಗೆ ಬರೆದುಕೊಡಲಾಗದಂತೆ 2012ರ ಕೃತಿಸ್ವಾಮ್ಯ ತಿದ್ದುಪಡಿ ಏರ್ಪಾಡು ಮಾಡಿದೆ. ಅದನ್ನು ತಿಳಿದು ಸಹಿ ಹಾಕುವುದು ಪ್ರಚಾರಕ್ಕಿಂತ ಮೊದಲಿನ ಕೆಲಸ. ಹೊರನಾಡಿನ ಕನ್ನಡ ಸಂಘಗಳಿಗೂ ಇಲ್ಲಿ ಕರ್ತವ್ಯವುಂಟು. ಕಲಾವಿದನನ್ನು ಕರೆಸಿ ಶಾಲು ಹೊದಿಸಿದರಷ್ಟೇ ಸಾಲದು. ಟಿಕೆಟ್ಟಿನ ಹಣದಲ್ಲಿ ಅವನಿಗೆ ನ್ಯಾಯವಾದ ಪಾಲು ಸಲ್ಲಬೇಕು, ಅವನ ಧ್ವನಿಮುದ್ರಿಕೆ ಸಭಾಗೃಹದ ಬಾಗಿಲಲ್ಲಿಯೇ ಮಾರಾಟಕ್ಕೆ ಸಿಗಬೇಕು. ನೂರು ಮಂದಿ ರಸಿಕರು ಬೆಲೆ ಕೊಟ್ಟು ಕೇಳುವ ಊರಿನಲ್ಲಿ ಗಾಯಕನು ತನ್ನ ರಾಗಕ್ಕೆ ಬೇಕಾದಷ್ಟು ಹೊತ್ತನ್ನು ತಾನೇ ಗೊತ್ತುಮಾಡಿಕೊಳ್ಳಬಲ್ಲನು.